ಯಂತ್ರಣ್ಣನ ಪಾಲಿನ ಟೀ

ಮಾರ್ಚ್ ಹದಿನಾಲ್ಕು, ಗುರುವಾರ ಬೆಳಿಗ್ಗೆ

ಪುಟ್ಟೀ,

ನೀನೂ ಅಳಿಯಂದಿರೂ ಮರಿಯೂ ಚೆನ್ನಾಗಿದ್ದೀರಿ ಎಂದುಕೊಂಡೇ ಪೆನ್ನು ಹಿಡಿದಿದ್ದೇನೆ. ನಿನ್ನ ಕಾಗದ ಬಂದು ಮೇಜಿನ ಮೇಲೆ ಕೂತು ಬಹಳ ದಿನವಾಯಿತು. ದಿನಾ ಅದರ ಕಣ್ಣು ತಪ್ಪಿಸಿಕೊಂಡು ಓಡಾಡುತ್ತಿದ್ದೆ. ತಡವಾದದ್ದಕ್ಕೆ ಕ್ಷಮಿಸು ಮಗಳೇ. ಸೋಮಾರಿತನವಲ್ಲ, ಶೂಟಿಂಗ್ ಮುಗಿಯುವ ತನಕ ನಿನಗೆ ಏನೆಂದು ಬರೆಯುವುದೋ ತಿಳಿಯಲಿಲ್ಲ. ಮೊನ್ನೆ ಮುಗಿಯಿತು. ಈಗ ಹೇಳುವುದು ಎಷ್ಟಿದೆಯೆಂದರೆ, ನಿನ್ನ ಅಮ್ಮ ‘ಕಾಗದಾನೋ ಕಾದಂಬರೀನೋ’ ಎಂದು ಆಗಲೇ ಎರಡು ಸಲ ಇಣುಕಿ ಹೋದಳು.

ಅವಳು ಗಟ್ಟಿಮುಟ್ಟಾಗಿದ್ದಾಳೆ. ನಾನು ಸ್ಲೇಟಿನ ಮೇಲೆ ಬರೆದದ್ದನ್ನು ಅರ್ಧ ಓದಿ ಒರೆಸಿಬಿಡುತ್ತಾಳೆ. ‘ಬಾಯಿದ್ದಾಗಲೂ ನಿಮ್ಮದು ಅರ್ಧವೇ ಕೇಳ್ತಿದ್ದೆ, ಈಗೇನು ಹೊಸದಾ’ ಅನ್ನುತ್ತಾಳೆ. ನಾಲ್ಕನೇ ಕ್ಲಾಸಿಗೆ ಸ್ಲೇಟು ಬಿಸಾಕಿ ಓಡಿಬಂದವನು ನಾನು. ಎಪ್ಪತ್ತು ದಾಟಿದ ಮೇಲೆ ಮತ್ತೆ ಅದನ್ನೇ ಹಿಡಿಯಬೇಕಾಯಿತು ನೋಡು.

ಆಪರೇಷನ್ ಆದಮೇಲೆ ನೀನು ಕೊಡಿಸಿದ ಗಂಟಲ ಯಂತ್ರವನ್ನೂ ಬಳಸುತ್ತಿದ್ದೇನೆ. ಟಾರ್ಚಿನಂಥ ಅದನ್ನು ಕತ್ತಿಗೆ ಒತ್ತಿ ಬಾಯಾಡಿಸಿದರೆ ಮಾತೇನೋ ಬರುತ್ತದೆ, ಡಬ್ಬಿಯೊಳಗೆ ದುಂಬಿ ಕೂಡಿಹಾಕಿದ ಹಾಗೆ. ಎದುರಿಗಿದ್ದವರಿಗೆ ತಿಳಿಯುತ್ತದೆ, ಫೋನಿನಲ್ಲಿ ಮಾತ್ರ ದೇವರಿಗೇ ಪ್ರೀತಿ. ಮೊನ್ನೆ ಬ್ಯಾಂಕಿಗೆ ಫೋನ್ ಮಾಡಿದೆ. ಆ ಕಡೆಯ ಹುಡುಗಿ ಪಕ್ಕದವಳಿಗೆ ‘ಯಾವುದೋ ರೆಕಾರ್ಡಿಂಗ್ ಬರ್ತಿದೆ ಕಣೇ’ ಎಂದು ಹೇಳಿ ಇಟ್ಟೇಬಿಟ್ಟಳು. ನಿನಗೆ ಕಾಗದ ಬರೆಯುವುದೇ ಲೇಸು.

ತಮಾಷೆ ನೋಡು. ನೀನು ಸ್ಕೂಲಿಗೆ ಹೋಗುತ್ತಿದ್ದ ಕಾಲಕ್ಕೆ ಟಿವಿಯಲ್ಲಿ ನಮ್ಮ ಅಂತರಿಕ್ಷದ ಹಡಗಿನ ಧಾರಾವಾಹಿ ಬರುತ್ತಿತ್ತಲ್ಲ, ಅದರಲ್ಲಿ ಹಡಗು ನಡೆಸುವ ಯಂತ್ರಕ್ಕೆ ದನಿ ಕೊಡುತ್ತಿದ್ದೆ. ಕ್ಯಾಪ್ಟನ್ ಅದನ್ನು ‘ಯಂತ್ರಣ್ಣ’ ಎಂದು ಕರೆದ, ಊರಿಗೆ ಊರೇ ಹಾಗೆ ಕರೆಯಿತು. ನಾನು ಗಾಜಿನ ಗೂಡಿನಲ್ಲಿ ಕೂತು ಮಾಮೂಲಿ ದನಿಯಲ್ಲೇ ಮಾತಾಡುತ್ತಿದ್ದೆ. ಹೊರಗೆ ನಮ್ಮ ಸೌಂಡಿನವನು ಒಂದು ಗುಂಡಿ ತಿರುಗಿಸಿ ಅದನ್ನು ಕಬ್ಬಿಣದ ದನಿ ಮಾಡುತ್ತಿದ್ದ. ಈಗ ಯಾವ ಗುಂಡಿಯೂ ಬೇಡ, ಇಪ್ಪತ್ತನಾಲ್ಕು ಗಂಟೆಯೂ ನಾನು ಯಂತ್ರಣ್ಣನೇ.

ಆ ಹಳೇ ಧಾರಾವಾಹಿಯ ಒಂದು ಪುಟ್ಟ ಕಂತು ಹೊಸದಾಗಿ ಮಾಡೋಣ, ಎಂಟು ನಿಮಿಷದ್ದು, ನಗಿಸುವಂಥದ್ದು, ಅದನ್ನು ತೋರಿಸಿ ನನಗೆ ಆಪರೇಷನ್ ಆದ ಗಂಟಲ ವಾರ್ಡಿಗೆ ದೇಣಿಗೆ ಎತ್ತೋಣ ಎಂದು ಹಳಬರೆಲ್ಲ ಸೇರಿದರು. ಕಥೆ ಇಷ್ಟೇ. ಯಂತ್ರಣ್ಣನಿಗೆ ನೆಗಡಿಯಾಗಿ ದನಿ ಕಟ್ಟುತ್ತದೆ, ಹಡಗು ದಾರಿ ತಪ್ಪುತ್ತದೆ. ಹಡಗಿನ ಡಾಕ್ಟರಮ್ಮ ಟಾರ್ಚು ಹಿಡಿದು ‘ಎಲ್ಲಿ, ಆ ಅನ್ನಿ’ ಎಂದು ಯಂತ್ರದ ಸುತ್ತ ಬಾಯಿ ಹುಡುಕುತ್ತಾಳೆ. ಬಾಯಿದ್ದರಲ್ಲವೆ? ಕೊನೆಗೆ ಯಂತ್ರಣ್ಣನಿಗೆ ಹೊಸ ದನಿ ಬರುತ್ತದೆ. ಆ ದನಿ ನನ್ನ ಈಗಿನದು.

ಇದನ್ನು ತಿಳಿಸಿದಾಗ ನೀನು ಬರೆದಿದ್ದೆ: ‘ನಿಮ್ಮಿಷ್ಟ ಅಪ್ಪ. ಆದರೆ ನಿಮ್ಮನ್ನ ನೋಡಿ ಜನ ನಗೋದನ್ನ ನನ್ನಿಂದ ನೋಡೋಕಾಗಲ್ಲ.’ ನನ್ನ ಭಯ ಇದಕ್ಕೆ ಉಲ್ಟಾ ಇತ್ತು ಪುಟ್ಟಿ. ಆಪರೇಷನ್ ಆದಮೇಲೆ ಯಾರ ಮನೆಗೆ ಹೋದರೂ ನನ್ನನ್ನು ಗಾಜಿನ ಲೋಟದ ಹಾಗೆ ಎತ್ತಿ ಇಡುತ್ತಾರೆ. ಇನ್ನು ಇಲ್ಲೂ ಯಾರೂ ನಗದೇ ಹೋದರೆ? ನಗಿಸುವ ಕೆಲಸಕ್ಕೆ ಕರೆಸಿಕೊಂಡು ಅಯ್ಯೋ ಪಾಪ ಅಂದುಬಿಟ್ಟರೆ? ಅದೊಂದನ್ನು ತಿಳಿದುಕೊಳ್ಳುವುದಕ್ಕೇ ಹೋದೆ ಎಂದರೂ ಸರಿ.

ಸ್ಟುಡಿಯೋ ಹಾಗೇ ಇದೆ. ಗೋಡೆಗೆ ಬಡಿದ ಗೋಣಿತಟ್ಟು ಅಲ್ಲಲ್ಲಿ ಕಿತ್ತು ಜೋಲಾಡುತ್ತಿದೆ. ಹಡಗಿನ ಹಲಗೆಯ ಮೇಲಿನ ಗುಂಡಿಗಳೆಲ್ಲ ಸೋಡಾ ಬಾಟಲಿ ಮುಚ್ಚಳಗಳು, ಬೆಳ್ಳಿ ಬಣ್ಣ ಅರ್ಧ ಎದ್ದಿದೆ. ಕ್ಯಾಪ್ಟನ್‌ಗೆ ಹಳೇ ಅಂಗಿ ಹತ್ತಲಿಲ್ಲ. ಮೇಕಪ್ ಅಕ್ಕ ಬೆನ್ನಿನ ಕಡೆ ಉದ್ದಕ್ಕೆ ಕತ್ತರಿಸಿ ಪಿನ್ನು ಹಾಕಿದಳು. ‘ಯಾವ ಕಾರಣಕ್ಕೂ ತಿರುಗಬೇಡಿ, ಹಿಂದುಗಡೆ ಬ್ರಹ್ಮಾಂಡ ಕಾಣ್ತಿದೆ’ ಅಂದಳು.

ಆ ಸ್ಟುಡಿಯೋದ ಒಂದು ಪದ್ಧತಿ ನಿನಗೆ ಹೇಳಿದ್ದೆನೋ ಇಲ್ಲವೋ. ಟೇಕ್ ಕೆಡಿಸಿದವರು ಎಲ್ಲರಿಗೂ ಟೀ ಕೊಡಿಸಬೇಕು. ಕೊಡಿಸಿದರೆ ಸಾಲದು, ಗೇಟಿನಾಚೆಯ ಅಂಗಡಿಯಿಂದ ತಾವೇ ಟ್ರೇ ಹೊತ್ತು ತಂದು ಒಬ್ಬೊಬ್ಬರ ಕೈಗೂ ಕೊಡಬೇಕು. ಕೆಮ್ಮಲಿ, ಸೀನಲಿ, ಮಾತು ಮರೆಯಲಿ, ಕೂಡಲೇ ಸೌಂಡಿನವನು ‘ಟೀ!’ ಎಂದು ಕೂಗಿಬಿಡುತ್ತಿದ್ದ. ಒಮ್ಮೆ ನಿರ್ಮಾಪಕರ ಹೊಟ್ಟೆ ಗುಡುಗುಟ್ಟಿ ಟೇಕ್ ಕೆಟ್ಟಿತು. ಅವರೂ ಟ್ರೇ ಹೊತ್ತರು.

ಮೊದಲ ದಿನ ನಾನು ಐದು ಟೇಕ್ ಕೆಡಿಸಿದೆ. ನನಗಿದ್ದದ್ದು ಒಂದೇ ಮಾತು, ‘ಕ್ಯಾಪ್ಟನ್, ದಾರಿ ತಪ್ಪಿದ್ದು ನಾನಲ್ಲ, ನೀವು.’ ಒಂದು ಸಲ ಯಂತ್ರದ ಗುಂಡಿ ಒತ್ತುವುದು ತಡವಾಗಿ ‘ನೀವು’ ಒಂದೇ ಬಂತು. ಇನ್ನೊಂದು ಸಲ, ಉಸಿರಾಡಲೆಂದು ಡಾಕ್ಟರು ಮಾಡಿಟ್ಟ ಕತ್ತಿನ ತೂತಿನಿಂದ ಸುಂಯ್ ಎಂದು ಗಾಳಿ ಹೊರಟು ಮೈಕ್‌ನಲ್ಲಿ ಕುಕ್ಕರ್ ಕೂಗಿದ ಹಾಗೆ ಕೇಳಿತು. ಪ್ರತಿ ಸಲವೂ ಡೈರೆಕ್ಟರಮ್ಮ, ನಿನ್ನ ವಯಸ್ಸಿನವಳೇ, ‘ಪರವಾಗಿಲ್ಲ ಸರ್, ನಿಧಾನಕ್ಕೆ ಮಾಡಿ’ ಅಂದಳು. ಕ್ಯಾಪ್ಟನ್ ತಲೆ ತಗ್ಗಿಸಿದ. ಸೌಂಡಿನವನಂತೂ ತಂತಿ ಸರಿಮಾಡುವವನ ಹಾಗೆ ಮೇಜಿನಡಿ ಬಗ್ಗಿಬಿಟ್ಟ. ‘ಟೀ’ ಎಂದು ಒಬ್ಬರಾದರೂ ಅನ್ನಬೇಕಲ್ಲ! ಸಂಜೆಗೆ ಆಫೀಸಿನಿಂದ ಫ್ಲಾಸ್ಕಿನಲ್ಲಿ ಟೀ ಬಂತು. ನನಗೆ ಮೊದಲು ಕೊಟ್ಟರು. ಲೋಟ ಹಾಗೇ ಕೆಳಗಿಟ್ಟು ಎದ್ದೆ ಮಗಳೇ.

ಹೊರಡುವ ಮುಂಚೆ ಮೇಕಪ್ ರೂಮಿನಲ್ಲಿ ಕೂತೆ. ಅಕ್ಕ ನನ್ನ ಮುಖಕ್ಕೆ ಪೌಡರು ಹಚ್ಚತೊಡಗಿದಳು. ನಾನು ಕ್ಯಾಮೆರಾ ಮುಂದೆ ಬರುವವನಲ್ಲ, ಆದರೆ ಅವಳ ಕೈ ಸುಮ್ಮನಿರುವುದಿಲ್ಲ. ಕತ್ತಿನ ಹತ್ತಿರ ಬಂದಾಗ ‘ಈ ತೂತಿಗೂ ಹಚ್ಚಲಾ, ಒಳಗೆ ಹೋಗಿ ಸೀನ್ತೀರಾ?’ ಅಂದಳು. ಇಡೀ ದಿನದಲ್ಲಿ ಕೇಳಿದ ಮೊದಲ ಮನುಷ್ಯರ ಮಾತು ಅದು. ಸ್ಲೇಟು ತೆಗೆದು ‘ಎಲ್ಲರಿಗೂ ಏನಾಗಿದೆ?’ ಎಂದು ಬರೆದೆ.

‘ನನ್ನ ಹೆಸರು ಹೇಳಬೇಡಿ ಮತ್ತೆ,’ ಎಂದು ಬಾಗಿಲು ಮುಂದೆ ಮಾಡಿದಳು. ‘ನಿಮ್ಮ ಮಗಳು ಫೋನ್ ಮಾಡಿದ್ಲಂತೆ. ಅಪ್ಪನ್ನ ನೋಡಿ ಯಾರೂ ನಗಬಾರದು, ಅವರು ತುಂಬ ನೊಂದಿದ್ದಾರೆ ಅಂತ ಡೈರೆಕ್ಟರಮ್ಮನ ಹತ್ರ ಮಾತು ತಗೊಂಡ್ಲಂತೆ. ಅದಕ್ಕೇ ಎಲ್ಲರೂ ಹಲ್ಲು ಕಚ್ಕೊಂಡಿದ್ದಾರೆ. ಕ್ಯಾಪ್ಟನ್ ಅಂತೂ ಬಾತ್‌ರೂಮಿಗೆ ಹೋಗಿ ನಕ್ಕು ಬಂದ್ರು.’

ನನಗೆ ಕೋಪ ಬರಲಿಲ್ಲ ಪುಟ್ಟಿ. ಊರ ಹೊರಗಿನ ಸ್ಟುಡಿಯೋ ನಂಬರ್ ಹುಡುಕಿ, ಗುರುತಿಲ್ಲದವಳ ಹತ್ತಿರ ಅಪ್ಪನಿಗಾಗಿ ಮಾತು ತೆಗೆದುಕೊಳ್ಳುವ ಮಗಳು ಎಷ್ಟು ಜನಕ್ಕಿದ್ದಾಳೆ? ಬಸ್ಸಿನಲ್ಲಿ ಬರುವಾಗ ಅದನ್ನೇ ನೆನೆದುಕೊಂಡು ಬಂದೆ. ಆದರೆ ಮರುದಿನ ಏನು ಮಾಡುವುದೆಂದು ಮಾತ್ರ ಹೊಳೆಯಲಿಲ್ಲ. ನಗಬಾರದೆಂದು ಮಾತು ಕೊಟ್ಟವರನ್ನು ನಗಿಸುವುದು ಹೇಗೆ?

ನಾನೇನೂ ಮಾಡಬೇಕಾಗಿ ಬರಲಿಲ್ಲ. ಎರಡನೇ ದಿನ ಕೆಂಪು ದೀಪ ಹತ್ತಿತು. ಕ್ಯಾಪ್ಟನ್ ಕೇಳಿದ, ‘ಯಂತ್ರಣ್ಣಾ, ನಾವೀಗ ಎಲ್ಲಿದ್ದೀವಿ?’ ನಾನು ಯಂತ್ರ ಒತ್ತಿ ಮಾತು ಶುರುಮಾಡಿದೆ. ಸೌಂಡಿನವನಿಗೆ ಹತ್ತು ವರ್ಷದ ಅಭ್ಯಾಸ ನೋಡು, ಯಂತ್ರಣ್ಣನ ಮಾತು ಬಂದ ಕೂಡಲೇ ಅವನ ಕೈ ತಾನಾಗೇ ಹೋಗಿ ಆ ಹಳೇ ಗುಂಡಿಯನ್ನು ತಿರುಗಿಸಿಬಿಟ್ಟಿತು! ಕಬ್ಬಿಣದ ದನಿಯ ಮೇಲೆ ಇನ್ನೊಂದು ಕಬ್ಬಿಣದ ದನಿ. ಏನು ಬಂತು ಅಂತೀಯ? ತಗಡಿನ ಡ್ರಮ್ಮಿನಲ್ಲಿ ಕಪ್ಪೆಗಳ ಮದುವೆ ನಡೆದ ಹಾಗೆ!

ಒಬ್ಬರೂ ನಗಲಿಲ್ಲ. ಕ್ಯಾಪ್ಟನ್ ಮುಖ ಬದನೆಕಾಯಿ ಬಣ್ಣಕ್ಕೆ ತಿರುಗಿತು. ಸೌಂಡಿನವನು ಎರಡೂ ಕೈ ತಲೆಯ ಮೇಲೆ ಹೊತ್ತ. ನನಗೆ ತಡೆಯಲಾಗಲಿಲ್ಲ, ನಕ್ಕೆ. ಆದರೆ ಈಗ ನನ್ನ ನಗುವಿಗೆ ಸದ್ದೆಲ್ಲಿದೆ? ಭುಜ ಕುಣಿಯುತ್ತದೆ, ಕಣ್ಣಲ್ಲಿ ನೀರು ಬರುತ್ತದೆ, ಕತ್ತಿನಲ್ಲಿ ಗಾಳಿ ಬುಸುಗುಡುತ್ತದೆ, ಅಷ್ಟೇ. ಗಾಜಿನಾಚೆಯಿಂದ ನೋಡಿದವರಿಗೆ ನಾನು ಬಿಕ್ಕಿ ಬಿಕ್ಕಿ ಅಳುತ್ತಿರುವ ಹಾಗೆ ಕಂಡಿದೆ! ಡೈರೆಕ್ಟರಮ್ಮ ನೀರಿನ ಲೋಟ ಹಿಡಿದು ಓಡಿಬಂದಳು, ಹಿಂದೆಯೇ ಕ್ಯಾಪ್ಟನ್ ಟವೆಲ್ ಹಿಡಿದು. ‘ತಪ್ಪಾಯ್ತು ಕಣಪ್ಪ, ದೇವರಾಣೆ ಬೇಕು ಅಂತ ಮಾಡಲಿಲ್ಲ’ ಎಂದು ಸೌಂಡಿನವನು ಕೈ ಮುಗಿಯುತ್ತಿದ್ದಾನೆ. ನಾನು ತಲೆ ಅಲ್ಲಾಡಿಸಿದಷ್ಟೂ ಅವರು ಬೆನ್ನು ಸವರುವುದು ಜಾಸ್ತಿಯಾಯಿತು.

ಸ್ಲೇಟು ಎಲ್ಲೋ ಬಿದ್ದಿತ್ತು. ಕೊನೆಗೆ ಯಂತ್ರವನ್ನು ಕತ್ತಿಗೆ ಒತ್ತಿ ಒಂದೇ ಮಾತು ಕೇಳಿದೆ. ಮೈಕ್ ಆನ್ ಇತ್ತು, ಗುಂಡಿಯೂ ತಿರುಗಿದ್ದ ಹಾಗೇ ಇತ್ತು. ಇಡೀ ಸ್ಟುಡಿಯೋದಲ್ಲಿ ಆ ಕಪ್ಪೆಗಳು ಮೊಳಗಿದವು:

‘ಟೀ... ಯಾರದಪ್ಪಾ?’

ಆಮೇಲೆ ಕ್ಯಾಪ್ಟನ್ ಹೊಟ್ಟೆಯಿಂದ ಹೊರಟಿತು ನೋಡು ಒಂದು ನಗು, ಬೆನ್ನಿನ ಪಿನ್ನುಗಳೆಲ್ಲ ಪಟಪಟ ಹಾರಿದವು. ಡೈರೆಕ್ಟರಮ್ಮ ನೀರು ಚೆಲ್ಲಿಕೊಂಡು ನೆಲದ ಮೇಲೇ ಕೂತಳು. ದೀಪದ ಏಣಿ ಮೇಲಿದ್ದವನು ‘ಹಿಡ್ಕೊಳ್ರೋ, ಬೀಳ್ತೀನಿ’ ಎಂದು ಕಿರುಚಿದ. ಸೌಂಡಿನವನು ಕಣ್ಣೊರೆಸಿಕೊಳ್ಳುತ್ತ, ‘ಇದು ನಂದೇ, ಒಪ್ಕೊಂಡೆ. ಆದ್ರೆ ನಿನ್ನೆ ಐದು ಕೆಡಿಸಿದೆಯಲ್ಲ ಮಾರಾಯ, ಅದನ್ಯಾರು, ನಿಮ್ಮಪ್ಪ ತರ್ತಾನಾ? ಹೊರಡು!’ ಅಂದ.

ಹೊರಟೆ. ಬಿಸಿಲಿನಲ್ಲಿ ಗೇಟಿನಾಚೆಗೆ ಹೋಗಿ, ಟ್ರೇ ತುಂಬ ಲೋಟ ಹೊತ್ತು ತಂದು ಒಬ್ಬೊಬ್ಬರ ಕೈಗೂ ಕೊಟ್ಟೆ. ‘ಸಕ್ಕರೆ ಕಮ್ಮಿ’ ಎಂದು ಕ್ಯಾಪ್ಟನ್ ವಾಪಸ್ ಕಳಿಸಿದ. ‘ಚೆಲ್ಲಿಸ್ಕೊಂಡು ಬಂದಿದೀರಾ’ ಎಂದು ಮೇಕಪ್ ಅಕ್ಕ ಗದರಿದಳು. ಯಾರೂ ಎದ್ದು ಬಂದು ನನ್ನ ಕೈಯಿಂದ ಟ್ರೇ ಇಸಿದುಕೊಳ್ಳಲಿಲ್ಲ. ಅದಕ್ಕೆ ಅವರಿಗೆ ಹೇಗೆ ಕೃತಜ್ಞತೆ ಹೇಳಲಿ? ಟ್ರೇ ಹೊತ್ತಾಗ ಕೈ ಖಾಲಿ ಇರುವುದಿಲ್ಲ, ಯಂತ್ರ ಹಿಡಿಯಲಾಗುವುದಿಲ್ಲ. ಸುಮ್ಮನೆ ನಕ್ಕೆ. ಈಗ ಅವರಿಗೆಲ್ಲ ಅದು ನಗು ಎಂದು ಗೊತ್ತು.

ಡೈರೆಕ್ಟರಮ್ಮ ಅಲ್ಲೇ ಕೂತು ಕೊನೆಯ ದೃಶ್ಯ ಬದಲಾಯಿಸಿದಳು. ಕ್ಯಾಪ್ಟನ್ ಸ್ಕ್ರೂಡ್ರೈವರ್‌ನಿಂದ ಯಂತ್ರದ ಬಾಗಿಲು ತೆಗೆಯುತ್ತಾನೆ, ಒಳಗಿನಿಂದ ನಾನು, ಈ ಬೋಳುತಲೆ, ಈ ಕತ್ತಿನ ತೂತು ಎಲ್ಲದರ ಸಮೇತ, ಟೀ ಟ್ರೇ ಹಿಡಿದು ಹೊರಗೆ ಬರುತ್ತೇನೆ. ಇಷ್ಟು ವರ್ಷದಲ್ಲಿ ಯಂತ್ರಣ್ಣನ ಮುಖ ಜನ ನೋಡುವುದು ಇದೇ ಮೊದಲು. ಒಂದೇ ಟೇಕ್‌ನಲ್ಲಿ ಓಕೆ ಆಯಿತು.

ಬರುವ ತಿಂಗಳ ಮೊದಲ ಭಾನುವಾರ ಸಂಜೆ ಟಿವಿಯಲ್ಲಿ ಬರುತ್ತದಂತೆ. ವಾರ್ಡಿನ ನರ್ಸಮ್ಮನಿಗೂ ಹೇಳಿದೆ, ಅಲ್ಲಿರುವವರಿಗೆಲ್ಲ ತೋರಿಸುತ್ತಾಳಂತೆ. ಹೊಲಿಗೆ ಇನ್ನೂ ಹಸಿ ಇರುವವರು ಕತ್ತು ಹಿಡಿದುಕೊಂಡು ನಗಬೇಕು ಎಂದು ಎಚ್ಚರಿಕೆ ಕೊಟ್ಟಿದ್ದೇನೆ. ನೀನೂ ಎಲ್ಲರನ್ನೂ ಕೂರಿಸಿಕೊಂಡು ನೋಡು. ಮರಿ ನಕ್ಕರೆ ಬಾಯಿ ಮುಚ್ಚಿಸಬೇಡ.

ನನಗೆ ಕೊರತೆಯೇನಿಲ್ಲ ಮಗಳೇ. ಒಳ್ಳೇ ಡಾಕ್ಟರು ಸಿಕ್ಕರು, ಒಳ್ಳೇ ಗೆಳೆಯರಿದ್ದಾರೆ, ನಿನ್ನ ಅಮ್ಮನ ಬಾಯಿಗಂತೂ ಬರವಿಲ್ಲ. ಅಳಿಯಂದಿರಿಗೆ ನನ್ನ ನೆನಪು ಹೇಳು. ಮರಿಯ ಎರಡೂ ಕೆನ್ನೆಗೆ ಮುತ್ತು. ನೀನು ಕೈಯಿಟ್ಟ ಕೆಲಸವೆಲ್ಲ ಹಸನಾಗಲಿ, ನಿನ್ನ ಮನೆಯಲ್ಲಿ ಗದ್ದಲ ತುಂಬಿರಲಿ, ನೂರು ಕಾಲ ಬಾಳು.

ಇಂತು ನಿನ್ನ
ಅಪ್ಪ

ಮರೆತು ಬಿಟ್ಟದ್ದು: ಮರೆತದ್ದು ಎಂದರೆ ಸುಳ್ಳಾಗುತ್ತದೆ, ಮೇಲೆ ಬರೆಯಲು ಧೈರ್ಯ ಬರಲಿಲ್ಲ. ಹೋದ ಸಲ ನೀನು ಬಂದಾಗ ಅಡುಗೆಗೆ ಉಪ್ಪು ಜಾಸ್ತಿಯಾಗಿದೆ ಎಂದು ಸ್ಲೇಟಿನಲ್ಲಿ ಬರೆದು ತೋರಿಸಿದೆನಲ್ಲ, ಉಪ್ಪು ಸರಿಯಾಗೇ ಇತ್ತು. ‘ಹಾಗಾದ್ರೆ ನಾಳೆಯಿಂದ ನೀವೇ ಮಾಡ್ಕೊಳ್ಳಿ’ ಅನ್ನುತ್ತೀಯ ಎಂದು ಕಾದೆ. ನೀನು ‘ಸಾರಿ ಅಪ್ಪ’ ಎಂದು ತಟ್ಟೆ ಎತ್ತಿಕೊಂಡು ಹೋಗಿ ಬೇರೆ ಮಾಡಿ ತಂದೆ. ಅದನ್ನು ಹೇಗೆ ನುಂಗಿದೆನೋ ನನಗೇ ಗೊತ್ತು. ಮೊದಲೆಲ್ಲ ನಾವಿಬ್ಬರು ವಾದಕ್ಕೆ ಕೂತರೆ ಪಕ್ಕದ ಮನೆಯವರು ಕಿಟಕಿ ಹಾಕಿಕೊಳ್ಳುತ್ತಿದ್ದರು. ಆಪರೇಷನ್ ಆದ ದಿನದಿಂದ ನೀನು ನನಗೆ ಒಂದು ಮಾತೂ ಎದುರಾಡಿಲ್ಲ. ಡಾಕ್ಟರು ತೆಗೆದದ್ದು ನನ್ನೊಬ್ಬನ ದನಿ, ಹೋದದ್ದು ಮಾತ್ರ ಇಬ್ಬರದು. ನನ್ನದಿಲ್ಲದೆ ಇರುವುದು ರೂಢಿಯಾಗಿದೆ ಪುಟ್ಟಿ. ನಿನ್ನದಿಲ್ಲದೆ ಆಗುತ್ತಿಲ್ಲ. ಈ ಕಾಗದಕ್ಕೆ ‘ಆಗಲಿ ಅಪ್ಪ’ ಎಂದು ಮಾತ್ರ ಉತ್ತರ ಬರೆಯಬೇಡ.