ಅಜ್ಜಿಯನ್ನು ಸಾಯಿಸಿದ ರಜಾಪತ್ರ

ಬಿಲ್ಯಾನಾ,

ನಾನು ಕೆಲಸಕ್ಕೆ ಹೊರಟೆ. ಬೀನ್ಸ್ ಸೂಪು ಒಲೆ ಮೇಲಿದೆ, ಅಜ್ಜಿಗೆ ಮೊದಲು ಬಡಿಸು. ಚೀಸ್ ತುಂಬಿದ ಬಾನಿತ್ಸಾ ಪೂರ್ತಿ ನೀನೇ ತಿಂದು ಮುಗಿಸಬೇಡ.

ನಿನ್ನೆ ಶಾಲೆಯಲ್ಲಿ ಗೆರ್ಗಾನಾ ಟೀಚರ್ ನನ್ನನ್ನು ಕಂಡವರೇ ಕಣ್ಣೊರೆಸಿಕೊಂಡು, "ನಿಮ್ಮತ್ತೆ ಹೋಗಿಬಿಟ್ರಂತೆ" ಅಂದ್ರು. ನನ್ನ ಸಹಿ ಹಾಕಿ ನೀನು ಬರೆದ ಮೂರು ಪುಟದ ರಜಾಪತ್ರ ತೋರಿಸಿದ್ರು. ಓದ್ತಾ ಓದ್ತಾ ನನಗೂ ಅಳು ಬಂತು ಕಣೇ! ಮನೆಗೆ ತಂದು ಅಜ್ಜಿಗೂ ಓದಿ ಹೇಳಿದೆ. ಸತ್ತಿದ್ದಕ್ಕೆ ಬೇಜಾರಿಲ್ಲವಂತೆ, ಬರೀ ನೆಗಡಿಗೆ ಸಾಯಿಸಿದಳಲ್ಲ ಅಂತ ಸಿಟ್ಟು.

ಇಷ್ಟು ಚೆನ್ನಾಗಿ ಬರೆಯೋಳಿಗೆ ಪ್ರಬಂಧದಲ್ಲಿ ಆರಕ್ಕೆ ಎರಡು! ಫೇಲಾದ್ರೆ ಅದೇ ಕ್ಲಾಸಲ್ಲಿ ಇನ್ನೊಂದು ವರ್ಷ. ಟೀಚರ್ ಹತ್ರ ಗೋಗರೆದು ಒಂದು ಅವಕಾಶ ಕೇಳಿದೀನಿ: ನಾಳೆಗೆ ಒಂದು ಪ್ರಬಂಧ ಕೊಡಬೇಕು. ಯಾರನ್ನು ಬೇಕಾದ್ರೂ ಸಾಯಿಸು, ನಾನಾದ್ರೂ ಪರವಾಗಿಲ್ಲ. ಕೆಳಗೆ ಮಾತ್ರ ನಿನ್ನ ಹೆಸರೇ ಬರಿ.

ಅಮ್ಮ