ಅಕ್ಕ ಫೋನಲ್ಲಿದ್ದಾಗ ಕೇಳಬೇಕು

ಮಾರ್ಚ್ ೩, ಮಂಗಳವಾರ

ಬರೀಬೇಕಂತೆ. ದಿನಾ. ಐದನೇ ಕ್ಲಾಸಿಗೇ ಸ್ಲೇಟು ಬಿಸಾಕಿ ಬಂದೋಳ ಕೈಗೆ ಈ ವಯಸ್ಸಲ್ಲಿ ಪೆನ್ನು. ಎಲ್ಲಾ ಮಗಳ ಕಾಟ. ಹತ್ತು ಜನರನ್ನ ಇಟ್ಕೊಂಡು ಕೆಲಸ ಮಾಡಿಸೋರಿಗೆ ಟ್ರೈನಿಂಗ್ ಅಂತ ನಿನ್ನೆ ಎಳ್ಕೊಂಡು ಹೋದಳು. ಅಲ್ಲೊಬ್ಬ ಮೇಷ್ಟ್ರು. ಅಂಗಿ ಕಾಲರು ಸರಿಯಾಗಿ ಒಗೆದಿರಲಿಲ್ಲ. "ನಿಮ್ಮ ಗಮನ ದಿನವೆಲ್ಲ ಎಲ್ಲೆಲ್ಲಿ ಹೋಯ್ತು ಅಂತ ಬರೀರಿ. ಯಾರಿಗೂ ತೋರಿಸ್ಬೇಡಿ" ಅಂದ. ತೋರಿಸೋದಿಲ್ಲ ಅಂದ್ಮೇಲೆ ಬರೆಯೋದ್ಯಾಕೆ ಅಂತ ಕೇಳಿದೆ. ನಕ್ಕ. ಕೇಳಿದ್ದಕ್ಕೆ ಉತ್ತರ ಕೊಡದೆ ನಗೋರನ್ನ ಕಂಡ್ರೆ ನಂಗಾಗಲ್ಲ.

ಸರಿ. ಬೆಳಿಗ್ಗೆ ಲಾಂಡ್ರಿ ಬಾಗಿಲು ತೆಗೆದ ಕೂಡಲೇ ಬಾಯ್ಲರ್ ಗೋಳು. ಆಮೇಲೆ ಹೋಟೆಲ್ ಮ್ಯಾನೇಜರ್ ಫೋನು, ದಿಂಬಿನ ಕವರಲ್ಲಿ ಕಲೆ ಹೋಗಿಲ್ಲವಂತೆ. ಅವನ ಮಾತು ಮುಗಿಯೋಕೆ ಮುಂಚೆ ಆಸ್ಪತ್ರೆ ಫೋನು, ಅವರ ಬೆಡ್‌ಶೀಟು ಇನ್ನೂ ಬಂದಿಲ್ಲವಂತೆ. ನಡುವೆ ವ್ಯಾನ್ ಡ್ರೈವರ್ರು, ಇಸ್ತ್ರಿ ಮೇಸ್ತ್ರಿ, ಸೋಪಿನ ಪುಡಿಯವನು. ತಿಂಡಿ ತಿಂದೆನೋ ಇಲ್ವೋ. ಗಮನ ಎಲ್ಲಿ ಹೋಯ್ತು? ಎಲ್ಲಾ ಕಡೆ. ಮುಗೀತು.

ನಮ್ಮ ಯಜಮಾನರು ತಂಗಿ ಮನೆಗೆ ಹೋಗಿದಾರೆ. ಶನಿವಾರ ಹೋದೋರು ಇನ್ನೂ ಬಂದಿಲ್ಲ. ಬ್ಲೀಚು ಬೇರೆ ತರೋಕೆ ಹೇಳಿದ್ದೆ.

ಮಾರ್ಚ್ ೪, ಬುಧವಾರ

ಬ್ಲೀಚು ಬಂತು. ಇವರು ಬರಲಿಲ್ಲ. ಯಾವನೋ ಆಟೋದವನು ಎರಡು ಕ್ಯಾನು ಇಳಿಸಿ, "ಅಲ್ಲೊಬ್ಬ ಹಿರಿಯರು ಕೊಟ್ಟು ಕಳಿಸಿದ್ರು" ಅಂದ.

"ಅವರೆಲ್ಲಿ?"

"ಬಾಡಿಗೆ ಕೊಟ್ರು, ಒಳಗೆ ಹೋದ್ರು."

ಮಗಳು ಲೆಕ್ಕದ ಟೇಬಲ್ಲಿಂದ ಎದ್ದು ಬಂದಳು. ಕ್ಯಾನು ನೋಡಿದಳು. ಗೊಳೋ ಅಂತ ಅತ್ತಳು. ಬ್ಲೀಚಿಗೆ ಯಾಕೆ ಅಳ್ತೀಯೇ ಅಂದೆ.

"ಅಮ್ಮಾ, ಅಪ್ಪ ಬರಲ್ಲ."

"ಇವತ್ತು ಬರಲ್ವಾ?"

"ಇನ್ನು ಬರಲ್ಲ. ನಿಂಗೆ ಹೇಳೇ ಹೋದ್ರಲ್ಲಮ್ಮ. ನಾನು ತಟ್ಟೆ ತೊಳೀತಾ ಅಲ್ಲೇ ನಿಂತಿದ್ದೆ. ‘ಇಲ್ಲಿ ಇರೋಕಾಗ್ತಿಲ್ಲ ಕಣೇ, ಇನ್ನು ತಂಗಿ ಮನೇಲೇ ಇದ್ದುಬಿಡ್ತೀನಿ’ ಅಂದ್ರು. ನೀನು ಫೋನು ಕಿವಿಗಿಟ್ಕೊಂಡೇ ‘ಹೂಂ, ಬರೋವಾಗ ಬ್ಲೀಚು ತನ್ನಿ’ ಅಂದೆ."

"ಇಷ್ಟು ದಿನ ಯಾಕೆ ಬಾಯಿಗೆ ಬೀಗ ಹಾಕ್ಕೊಂಡಿದ್ದೆ?"

"ನಿಂಗೇ ಗೊತ್ತಾಗುತ್ತೇನೋ ಅಂತ ನೋಡ್ದೆ. ಆಗಲಿಲ್ಲ. ಅದಕ್ಕೇ ಆ ಟ್ರೈನಿಂಗಿಗೆ ಕರ್ಕೊಂಡು ಹೋಗಿದ್ದು."

ಅವಳಿಗೆ ಬೈದೆ. ಬಾಯ್ಲರ್ ನೋಡೋನಿಗೂ ಬೈದೆ. ಹೇಳಿದ ಸಾಮಾನು ಮರೀದೆ ಕಳಿಸಿದಾರೆ ಆ ಮನುಷ್ಯ...

ಮಾರ್ಚ್ ೯, ಸೋಮವಾರ

ಬರೆಯೋಕೆ ಮನಸ್ಸಿರಲಿಲ್ಲ. ಇವರಿಗೆ ಫೋನು ಮಾಡಿದೆ, ಎತ್ತಲಿಲ್ಲ. ನಾದಿನಿ ಎತ್ತಿದಳು. "ಅತ್ತಿಗೆ, ಅಣ್ಣ ಮಲಗಿದಾನೆ" ಅಂದಳು. ಮಟಮಟ ಮಧ್ಯಾಹ್ನ. ಇವರು ಹಗಲು ಮಲಗಿದ್ದನ್ನ ನಾನು ಕಂಡಿಲ್ಲ.

ಇವತ್ತು ವ್ಯಾನ್ ಹೊರಡೋ ಹೊತ್ತಿಗೆ ಡ್ರೈವರ್ರೇ ಇಲ್ಲ. ಭಾವಮೈದನ ಮದುವೆಗೆ ಹೋದನಂತೆ. ರಜೆ ಕೊಟ್ಟೋರು ಯಾರು ಅಂತ ಕಿರುಚಿದೆ. ಇಸ್ತ್ರಿ ಮೇಸ್ತ್ರಿ ಬೆಡ್‌ಶೀಟು ಮಡಚ್ತಾ, "ನೀವೇ ಅಕ್ಕಾ" ಅಂದ.

"ನಾನ್ಯಾವಾಗ ಕೊಟ್ಟೆ?"

"ಹೂಂ ಅಂದ್ರಂತಲ್ಲ. ಅಕ್ಕಾ, ಬೈಬೇಡಿ, ಒಂದು ಮಾತು ಹೇಳ್ಲಾ? ಇಲ್ಲಿ ಹೊಸದಾಗಿ ಯಾರು ಸೇರಿದ್ರೂ ಮೊದಲ ದಿನಾನೇ ಹೇಳಿಕೊಡ್ತೀವಿ. ರಜೆ ಬೇಕಾ, ಅಡ್ವಾನ್ಸ್ ಬೇಕಾ, ಅಕ್ಕ ಫೋನಲ್ಲಿದ್ದಾಗ ಕೇಳಬೇಕು."

ಮಡಚೋ ಹೆಂಗಸರೆಲ್ಲ ಮುಖಕ್ಕೆ ಶೀಟು ಅಡ್ಡ ಹಿಡ್ಕೊಂಡು ನಕ್ಕರು. ನಂಗೂ ನಗು ಬಂತು. ಕಳ್ಳರು.

ಆಮೇಲೆ ಸೋಪಿನ ಮೂಟೆ ಇಡೋ ರೂಮಿಗೆ ಹೋಗಿ ಕೂತೆ. ಎಲ್ಲರೂ ನನ್ನ ಹೂಂ ತಗೊಂಡು ಖುಷಿಯಾಗಿ ಹೋದರು. ಇವರೊಬ್ಬರಿಗೆ ಬೇಕಾಗಿದ್ದು ಹೂಂ ಅಲ್ಲ. ಹೋಗ್ಬೇಡಿ ರೀ ಅನ್ನೋ ಒಂದು ಮಾತು. ಅದನ್ನೂ ಫೋನಲ್ಲಿದ್ದಾಗಲೇ ಕೇಳಿದರು. ಇನ್ಯಾವಾಗ ಕೇಳ್ತಾರೆ, ನಾನು ಯಾವಾಗ ಫೋನಲ್ಲಿರಲಿಲ್ಲ?

ಮಾರ್ಚ್ ೧೧, ಬುಧವಾರ

ಬರೆಯೋದಲ್ಲದೆ ಆ ಮೇಷ್ಟ್ರು ಇನ್ನೂ ಏನೇನೋ ಹೇಳಿದ್ದ, ಅದನ್ನೂ ಮಾಡಿ ನೋಡೋದು ಅಂತ. ಮಧ್ಯಾಹ್ನದವರೆಗೆ ಫೋನು ಮಗಳ ಹತ್ರ. ನನ್ನ ರೂಮಿನ ಬಾಗಿಲು ಹಾಕಿರೋದು. ಒಬ್ಬರು ಬಂದ್ರೆ ಅವರ ಮಾತು ಮುಗಿಯೋವರೆಗೆ ಇನ್ನೊಬ್ಬರಿಲ್ಲ. ಕಲೆ, ಗುಂಡಿ, ಸೋಪು... ಇಂಥದ್ದೆಲ್ಲ ಮೇಸ್ತ್ರಿ ತೀರ್ಮಾನ.

ಬಾಗಿಲು ಹಾಕಿ ಕೂತರೆ ಕೈಗೆ ತುರಿಕೆ. ಮೇಸ್ತ್ರಿ ಸಂದೀಲಿ ಇಣುಕಿ, "ಅಕ್ಕಾ, ಹುಷಾರಿದೀರಾ?" ಅಂದ.

"ಗಮನ ಕೊಡ್ತಿದೀನಿ. ಹೋಗೋ ಆಚೆ."

"ಯಾವುದಕ್ಕಕ್ಕಾ?"

ಅದೇ ಗೊತ್ತಾಗ್ಲಿಲ್ಲ.

ಮಾರ್ಚ್ ೧೫, ಭಾನುವಾರ, ಸಂಜೆ

ನಾದಿನಿ ಮನೆಗೆ ಹೋಗಿದ್ದೆ. ಇವರು ಜಗಲಿ ಮೇಲೆ ಪೇಪರ್ ಓದ್ತಾ ಕೂತಿದ್ರು. ಕನ್ನಡಕ ಇಲ್ಲದೆ! ಕಣ್ಣು ಹಾಳು ಮಾಡ್ಕೋತೀರಾ ಅಂತ ಗದರಿದೆ.

"ಪೊರೆ ತೆಗೆಸಿದೆನಲ್ಲ" ಅಂದ್ರು.

"ಯಾವಾಗ?"

"ಹೋದ ತಿಂಗಳು. ಪಕ್ಕದ್ಮನೆಯವರು ಕರ್ಕೊಂಡು ಹೋಗಿದ್ರು. ಆಪರೇಷನ್ ತಾರೀಖು ನಿಂಗೆ ಹೇಳಿದ್ದೆ. ಕ್ಯಾಲೆಂಡರಲ್ಲಿ ಗುರುತೂ ಹಾಕಿದ್ದೆ."

ಕಪ್ಪು ಕನ್ನಡಕ ಹಾಕ್ಕೊಂಡು ನನ್ನೆದುರಿಗೇ ಕೂತು ಊಟ ಮಾಡಿದ್ರು. ಬಿಸಿಲಿಗೆ ಅಂದ್ಕೊಂಡಿದ್ದೆ. ಮನೆಯೊಳಗೆ ಎಲ್ಲಿತ್ತು ಬಿಸಿಲು, ಬುದ್ಧಿಗೇಡಿ.

ಹೋಗಿ ಜಗಲಿ ತುದೀಲಿ ಕೂತೆ. ಇವರೇ ಮಾತು ಶುರು ಮಾಡಿದ್ರು. "ನಿನ್ನ ಮೇಲೆ ಸಿಟ್ಟೇನಿಲ್ಲ..." ಅನ್ನೋವಷ್ಟರಲ್ಲಿ ಬ್ಯಾಗಿನೊಳಗೆ ಫೋನು ಬಡ್ಕೊಳ್ತು. ನಾನು ಎತ್ತಲಿಲ್ಲ. ದೇವರಾಣೆ ಕೈ ಹಾಕಲಿಲ್ಲ. ಆದ್ರೆ ಕಣ್ಣು ಅತ್ತ ಹೋಯ್ತು.

"ನೋಡು ನೋಡು, ಯಾರೋ ಏನೋ" ಅಂದ್ರು. ಮೆತ್ತಗೆ. ಬೈದಿದ್ರೆ ಎದುರು ಬೈದಿರ್ತಿದ್ದೆ.

ಸಿಟ್ಟೇನಿಲ್ಲ ಅಂದ್ಮೇಲೆ ಏನು ಹೇಳೋಕೆ ಹೊರಟಿದ್ರು? ಕೇಳಿದೆ. ಏನಿಲ್ಲ ಬಿಡು ಅಂದು ಒಳಗೆ ಹೋದ್ರು.

ಮಾರ್ಚ್ ೧೯, ಗುರುವಾರ

ಮೇಷ್ಟ್ರ ಮಾತು ಸುಳ್ಳಲ್ಲ. ಹೋಟೆಲಿನವನ ಗಲಾಟೆ ನಿಂತಿದೆ. ದಿಂಬಿನ ಕವರು ಮೇಸ್ತ್ರಿಯೇ ನೋಡಿ ಕಳಿಸ್ತಾನೆ. ಮಡಚೋ ಹೆಂಗಸೊಬ್ಬಳು ಬಂದು ಮಂಡಿ ನೋವು ಅಂತ ಪೂರ್ತಿ ಹೇಳಿಕೊಂಡಳು. ಕುರ್ಚಿ ಹಾಕಿಸಿದೆ. "ಅಕ್ಕ ನನ್ನ ಮುಖ ನೋಡಿ ಮಾತಾಡಿದ್ರು" ಅಂತ ಹೊರಗೆ ಹೋಗಿ ಹೇಳ್ತಿದ್ದಳು. ಅದೇನು ದೊಡ್ಡ ವಿಷಯವಾ?

ಲಾಂಡ್ರಿ ಸರಿಹೋಯ್ತು. ಮನೆಗೆ ಬಂದ್ರೆ ಹೊತ್ತೋ ಹೊತ್ತು. ಮಗಳು ಬೇಗ ಮಲಗ್ತಾಳೆ. ಗೋಡೆಗೆ ಕೊಡ್ಲಾ ಗಮನ?

ಮಾರ್ಚ್ ೨೨, ಭಾನುವಾರ

ಮತ್ತೆ ಹೋದೆ. ಬ್ಯಾಗೂ ಇಲ್ಲ, ಏನೂ ಇಲ್ಲ. ಎರಡು ಕೈ ಬೀಸ್ಕೊಂಡು.

ಇವರು ನಾದಿನಿ ಮನೆ ನಲ್ಲಿ ರಿಪೇರಿ ಕತೆ ಹೇಳಿದ್ರು. ಪಕ್ಕದ್ಮನೆ ನಾಯಿ ಇವರ ಚಪ್ಪಲಿ ಹೊತ್ಕೊಂಡು ಹೋಗಿದ್ದು ಹೇಳಿದ್ರು. ಕೇಳಿದೆ. ನಡುವೆ ಬಾಯಿ ಹಾಕಲಿಲ್ಲ. ಎಷ್ಟು ಚೆನ್ನಾಗಿ ಹೇಳ್ತಾರೆ ಈ ಮನುಷ್ಯ! ನಾಯಿ ಓಡಿದ ಹಾಗೆ ಕೈಯಲ್ಲಿ ಮಾಡಿ ತೋರಿಸಿದ್ರು. ಮನೇಲಿ ಇದನ್ನೆಲ್ಲ ಯಾರಿಗೆ ಹೇಳ್ತಿದ್ರೋ.

ಹೊರಡೋವಾಗ ಹೇಳಿಬಿಟ್ಟೆ. "ಹೋಗ್ಬೇಡಿ ಅಂತ ಅವತ್ತೇ ಹೇಳ್ಬೇಕಿತ್ತು. ಇವತ್ತು ಹೇಳ್ತಿದೀನಿ. ಮನೆಗೆ ಬನ್ನಿ ರೀ."

ಮಡಚಿಟ್ಟಿದ್ದ ಪೇಪರನ್ನ ಇನ್ನೊಂದು ಸಲ ಮಡಚಿದ್ರು. "ನೀನು ಈಗ ಕೇಳಿಸ್ಕೊಳ್ತೀಯ ಕಣೇ. ನಿಜವಾಗ್ಲೂ. ಆದ್ರೆ ನಂಗೆ ನಿನ್ನ ಹತ್ರ ಹೇಳೋ ಆಸೆಯೇ ಹೋಗಿಬಿಟ್ಟಿದೆ. ನಾಯಿ ಕತೆ ಹೇಳಬಹುದು. ಅದನ್ನ ಬಸ್ಸಲ್ಲಿ ಪಕ್ಕ ಕೂತೋರಿಗೂ ಹೇಳ್ತೀನಿ."

"ಹಾಗಾದ್ರೆ ಬರಲ್ವಾ?"

"ನೋಡೋಣ."

ಬಸ್ಸಲ್ಲಿ ಅಳಬಾರದು ಅಂದ್ಕೊಂಡಿದ್ದೆ. ಆಗಲಿಲ್ಲ. ಪಕ್ಕದ ಹುಡುಗಿ ಎದ್ದು ಬೇರೆ ಸೀಟಿಗೆ ಹೋದಳು.

ಮಾರ್ಚ್ ೨೬, ಗುರುವಾರ

ನೋಡೋಣ ಅಂದ್ರೆ ಏನು? ಏನು ನೋಡೋದು? ಇವರ ಅಂಗಿಗಳನ್ನ ಇವತ್ತು ನಾನೇ ಒಗೆದೆ, ಮಿಷನ್ನಿಗೆ ಹಾಕದೆ. ಇಸ್ತ್ರಿ ಮಾಡಿದೆ. ಬೀರುವಿನಲ್ಲಿ ಇಡ್ಲಾ, ಕಟ್ಟಿ ಕಳಿಸ್ಲಾ? ಮಂಚದ ಮೇಲೇ ಇವೆ. ನಾನು ಕುರ್ಚೀಲಿ ಮಲಗ್ತಿದೀನಿ.

ನಾದಿನಿ ಕೈಲಿ ಇವರಿಗೆ ಹೇಳಿ ಕಳಿಸಿದೀನಿ, ಅದನ್ನೇ ಇಲ್ಲೂ ಬರೆದಿಡ್ತೀನಿ. ಕಾಡಿಸೋಲ್ಲ. ಬಾಗಿಲಿಗೆ ಬಂದು ಕೂರೋಲ್ಲ. ಬರಲ್ಲ ಅಂದ್ರೂ ಪೂರ್ತಿ ಕೇಳಿಸ್ಕೊಳ್ತೀನಿ. ಆದ್ರೆ ನೋಡೋಣ ಅನ್ಬೇಡಿ. ಮೂವತ್ತೊಂದನೇ ತಾರೀಖು ಮಂಗಳವಾರ. ಅವತ್ತು ಸಂಜೆಯೊಳಗೆ ನಂಗೆ ಉತ್ತರ ಬೇಕು. ಬರ್ತೀರೋ, ಇಲ್ವೋ.