ಸುರೋ ತಿಂಗಳ ಮಂಗಳವಾರ

ಪೆಕಲೋಂಗನ್, ಜಾವಾ
೧೫ ಮೇ ೧೯೯೭, ಗುರುವಾರ

ಪ್ರೀತಿಯ ವಿನಾರ್ಸಿಹ್ ಅಕ್ಕನಿಗೆ ತಮ್ಮ ತರ್ಮುಜಿಯ ಸಲಾಮು.

ಸಿಂಗಪುರದಲ್ಲಿ ನಿನ್ನ ಕೆಮ್ಮು ಕಡಿಮೆಯಾಯಿತೇ? ಯಜಮಾನಿಯ ಮಗು ಈಗಲಾದರೂ ನಿನ್ನನ್ನು ಮಲಗಲು ಬಿಡುತ್ತದೆಯೇ?

ಅಮ್ಮನ ಕಾಯಿಲೆ ಏನೆಂದು ಗೊತ್ತಾಗಿದೆ. ತೊಂದರೆ ಇರುವುದು ಕೈಯಲ್ಲಲ್ಲ, ಕುತ್ತಿಗೆಯಲ್ಲಿ. ವಯಸ್ಸಿಗೆ ಸವೆದ ಮೂಳೆಗಳೂ ಅವುಗಳ ನಡುವೆ ಉಬ್ಬಿದ ಬಿಲ್ಲೆಗಳೂ ಒಳಗಿನ ಬೆನ್ನುಹುರಿಯನ್ನು ಅದುಮುತ್ತಿವೆ. ನಿನ್ನೆ ಸೆಮಾರಂಗ್‌ನ ನರರೋಗ ವೈದ್ಯೆ ಎಂಆರ್‌ಐ ಚಿತ್ರವನ್ನು ಬೆಳಕಿಗೆ ಹಿಡಿದು ತೋರಿಸಿದರು. ಮೇಲಿಂದ ಸರಾಗವಾಗಿ ಇಳಿದು ಬಂದ ಹುರಿ ಕುತ್ತಿಗೆಯ ನಡುವೆ ಹಿಂಡಿದಂತೆ ಸಣ್ಣಗಾಗಿದೆ.

ಹೋದ ವರ್ಷ ಬಾಟಿಕ್ ಬಟ್ಟೆಯ ಮೇಲೆ ಮೇಣದ ಗೆರೆ ಎಳೆಯುವಾಗ ಅಮ್ಮನ ಕೈಯಿಂದ ಚಾಂಟಿಂಗ್ ಲೇಖನಿ ಜಾರತೊಡಗಿದಾಗ, ಎಲ್ಲರಂತೆ ನಾವೂ ಮೈಗೆ ಶೀತಗಾಳಿ ಹೊಕ್ಕಿದೆ ಎಂದುಕೊಂಡೆವು. ಅದನ್ನು ಹೊರಹಾಕಲು ಎಣ್ಣೆ ಹಚ್ಚಿ, ಬೆನ್ನು ಕೆಂಪಾಗುವವರೆಗೆ ನಾಣ್ಯದಿಂದ ಗೀರಿದೆವು. ಆಮೇಲೆ ರವಿಕೆಯ ಗುಂಡಿ ಹಾಕಲು ನನ್ನ ಹೆಂಡತಿ ಬೇಕಾದಳು. ಕಾಲಿನಿಂದ ಚಪ್ಪಲಿ ಕಳಚಿದರೂ ಅಮ್ಮನಿಗೆ ತಿಳಿಯುತ್ತಿರಲಿಲ್ಲ. ಇಲ್ಲಿನ ಡಾಕ್ಟರು ಸಕ್ಕರೆ ಪರೀಕ್ಷಿಸಿ ವಿಟಮಿನ್ ಕೊಟ್ಟು ಕಳಿಸಿದ್ದರು. ಸೆಮಾರಂಗ್‌ನವರು ಮುಷ್ಟಿ ಬೇಗಬೇಗ ಬಿಚ್ಚಿ ಮಡಚಲು ಹೇಳಿದರು, ಆಗಲಿಲ್ಲ. ನಡುಬೆರಳ ತುದಿಯನ್ನು ಚಿಮ್ಮಿಸಿದರೆ ಹೆಬ್ಬೆರಳು ತಾನಾಗಿ ಒಳಕ್ಕೆ ಎಗರಿತು. ಅವರು ಕುತ್ತಿಗೆ ಮುಟ್ಟಿ ನೋಡುವಾಗ ಅಮ್ಮ ಸುಮ್ಮನಿರಬೇಕಲ್ಲ! "ಕೈ ತೋರ್ಸೋಕೆ ಬಂದ್ರೆ ಕುತ್ತಿಗೆಗೇ ಕೈ ಹಾಕ್ತೀರಲ್ಲ ಡಾಕ್ಟ್ರಮ್ಮಾ? ಅದು ಒಂದಿನಾನೂ ನೋಯಲಿಲ್ಲ!"

ತಡಮಾಡಿದರೆ ಕಾಲಿನ ಶಕ್ತಿಯೂ ಹೋಗಬಹುದು, ಆಪರೇಷನ್ ಬೇಗ ಆಗಲಿ ಎಂದರು. ಕುತ್ತಿಗೆಯನ್ನು ಯಾರೂ ತಿರುಚಕೂಡದು ಎಂದು ಎರಡು ಸಲ ಹೇಳಿದರು. ದಾರ್ಸೊ ಮಾವ ಮಾತ್ರ ಬೆಳಗ್ಗೆಯಿಂದ ಜಗಲಿಯಲ್ಲೇ ಕೂತಿದ್ದಾನೆ. "ಸುರೋದಲ್ಲಿ ಮದುವೆ ಮಾಡಲ್ಲ, ಮನೆ ಕಟ್ಟಲ್ಲ, ಕತ್ತು ಕುಯ್ಸೋಕೆ ಮಾತ್ರ ಹೋಗ್ತೀರೇನೋ? ತಿಂಗಳು ಕಳೀಲಿ. ಅಲ್ಲೀವರೆಗೂ ನಮ್ಮ ಮಾಲೀಸಿನವನು ನೋಡ್ಕೋತಾನೆ." ಆ ಮಾಲೀಸಿನವನನ್ನು ಕರೆದುಕೊಂಡೇ ಬಂದಿದ್ದ. ನಾನು ಚಹಾ ಕೊಟ್ಟು ಅವನನ್ನು ಬಾಗಿಲಿಂದಲೇ ಕಳಿಸಿದೆ. ತನ್ನ ಅಣ್ಣನ ಮಾತು ಮೀರಿ ಅಮ್ಮನಿಗೆ ಅಭ್ಯಾಸವಿಲ್ಲ. ಹೂಂ ಎನ್ನುತ್ತಿಲ್ಲ, ಉಹೂಂ ಎನ್ನುತ್ತಿಲ್ಲ.

ನಿನಗೆ ಅಮ್ಮನ ಆಶೀರ್ವಾದ, ಮಕ್ಕಳ ನೆನಪುಗಳು. ಆರೋಗ್ಯ ನೋಡಿಕೋ.

ನಿನ್ನ ತಮ್ಮ
ತರ್ಮುಜಿ

ಮರೆತಿದ್ದೆ: ಪಕ್ಕದ ಮನೆಯ ಮುನ್ಯಾತಿ ನಾಳೆ ಅಲ್ಲಿಗೆ ಹೊರಟಿದ್ದಾಳೆ, ಈ ಪತ್ರ ಅವಳ ಕೈಯಲ್ಲೇ ಕೊಡುತ್ತೇನೆ. "ವಿನಾರ್ಸಿಹ್ ಏನಂತಾಳೋ ಹಾಗೆ" ಎಂದು ಅಮ್ಮ ಈಗಷ್ಟೇ ಹೇಳಿದಳು. ಭಾನುವಾರ ನಿನಗೆ ರಜೆ; ಸಂಜೆ ಐದಕ್ಕೆ ಕಿರಾಣಿ ಅಂಗಡಿಯ ಫೋನಿಗೆ ಮಾಡು, ಅಮ್ಮನನ್ನು ಕರೆತಂದಿರುತ್ತೇನೆ. ಮತ್ತೆ ಗೆರೆ ಎಳೀತೀನಾ ಎಂದು ಅವಳು ಕೇಳಿಯೇ ಕೇಳುತ್ತಾಳೆ. ಎಳೀತೀಯ ಎಂದರೆ ತಕ್ಷಣ ಒಪ್ಪುತ್ತಾಳೆ. ಹಾಗೆನ್ನಬೇಡ ಅಕ್ಕಾ. ಇರುವುದನ್ನು ಉಳಿಸಬಹುದು, ಹೋದದ್ದು ಎಷ್ಟು ಮರಳುತ್ತದೋ ಹೇಳಲಾರೆ ಎಂದಿದ್ದಾರೆ ವೈದ್ಯೆ. ಅಷ್ಟನ್ನೇ ಹೇಳಿ ಒಪ್ಪಿಸು. ಸೋಮವಾರ ಆಸ್ಪತ್ರೆಗೆ ಸೇರಬೇಕು. ಆಪರೇಷನ್ ಮಂಗಳವಾರ ಬೆಳಗ್ಗೆ ಏಳಕ್ಕೆ.